ನರ್ಸಮ್ಮನ ದೊರೆಸಾನಿ ಗಿಡ

ಕಬ್ಬಿಣ ನೀರಿನಲ್ಲಿ ಕುದಿಯುವಾಗ ಒಂದು ವಾಸನೆ ಬರುತ್ತದೆ. ಅದನ್ನು ಏನೆಂದು ಹೇಳಬೇಕೋ ನನಗೆ ಈ ವಯಸ್ಸಿನಲ್ಲೂ ತಿಳಿದಿಲ್ಲ. ತುಕ್ಕಿನದೂ ಅಲ್ಲ, ಬಿಸಿನೀರಿನದೂ ಅಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ತುಂಬ ಹೊತ್ತು ಕೂತವರ ಮೂಗಿಗೆ ಮಾತ್ರ ಗುರುತು ಸಿಗುವಂಥದ್ದು. ಇವತ್ತು ಬೆಳಿಗ್ಗೆ ಕುವೆಂಪುನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಹಳೆಯ ಹಾಲಿನ ಪಾತ್ರೆಯಿಟ್ಟು, ಅದರಲ್ಲಿ ನನ್ನ ಹೊಲಿಗೆಯ ಕತ್ತರಿ ಹಾಕಿ ಕುದಿಸಿದೆ. ಕಿಟಕಿ ತೆರೆದೇ ಇತ್ತು. ಆದರೂ ಆ ವಾಸನೆ ಮನೆ ತುಂಬಿತು.

ಗಿಡ ಮಗಳದ್ದು. ಯಾವುದೋ ನರ್ಸರಿಯಿಂದ ಪ್ಲಾಸ್ಟಿಕ್ ಕುಂಡದ ಸಮೇತ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ತಂದಿದ್ದಳು. ಒಂದಷ್ಟು ದಿನ ಮುದ್ದು ಮಾಡಿದಳು, ಆಮೇಲೆ ಮರೆತಳು. ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಪರೀಕ್ಷೆಯ ಕಾಲದಲ್ಲಿ ಹೆತ್ತವಳ ನೆನಪೇ ಇರುವುದಿಲ್ಲ, ಇನ್ನು ಗಿಡದ್ದೆಲ್ಲಿ ಬಂತು. ಅದು ಒಣಗಿಹೋಯಿತು, ಕಸದ ಗಾಡಿ ಬಂದಾಗ ಕೊಟ್ಟುಬಿಡು ಎಂದು ಹೇಳಿ ಹೊರಟುಹೋದಳು. ನಾನು ಸೊಂಟ ಹಿಡಿದುಕೊಂಡು ಬಗ್ಗಿ, ಕಂದುಬಣ್ಣಕ್ಕೆ ತಿರುಗಿ ಜೋತುಬಿದ್ದ ಗರಿಗಳನ್ನು ಸರಿಸಿ ಬುಡ ನೋಡಿದೆ. ಒಳಗೆ, ಮಣ್ಣಿಗೆ ಅಂಟಿಕೊಂಡು, ಕೂಸಿನ ಮುಷ್ಟಿಯಂಥ ಹಸಿರು ಸುರುಳಿಗಳಿದ್ದವು. ಗಿಡ ಸತ್ತಿರಲಿಲ್ಲ. ಹಳೆಯ ಗರಿಗಳ ಭಾರಕ್ಕೆ ಉಸಿರು ಕಟ್ಟಿತ್ತು, ಅಷ್ಟೆ. ಕತ್ತರಿ ತರಲು ಒಳಗೆ ಹೋದವಳು ಸುಮ್ಮನೆ ತಂದು ಕತ್ತರಿಸಬಹುದಿತ್ತು. ನನಗೆ ಈಗೀಗ ಯಾವ ಕೆಲಸಕ್ಕೂ ಉಮೇದಿಲ್ಲ, ಒಂದು ಕೆಲಸಕ್ಕೆ ಎರಡು ಕೆಲಸ ಮಾಡಿಕೊಳ್ಳುವ ಹೆಂಗಸು ನಾನಲ್ಲ. ಆದರೂ ಕೈ ತಾನಾಗಿಯೇ ಪಾತ್ರೆಗೆ ನೀರು ಹಿಡಿಯಿತು…

ಹಾಗೆ ಮಾಡುತ್ತಿದ್ದವರು ನಮ್ಮ ನರ್ಸಮ್ಮ. ಕುಂಬಾರಕೊಪ್ಪಲಿನ ಅಂಚಿನ ವಠಾರದಲ್ಲಿ ನಮ್ಮ ಎದುರು ಮನೆಯವರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ಹತ್ತು ವರ್ಷವಾಗಿದ್ದಿರಬೇಕು, ನಾನು ಮದುವೆಯಾಗಿ ಆ ವಠಾರಕ್ಕೆ ಬಂದಾಗ. ಹೆಂಚಿನ ಮನೆಗಳು, ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಬಾವಿಯ ಪಕ್ಕ ಒಂದು ನುಗ್ಗೆಮರ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಎಲ್ಲರ ಮನೆಯಲ್ಲೂ ಸೀನು. ನಮ್ಮ ಮನೆಯಲ್ಲಿ ನಾವು ಮೂವರೇ: ನಾನು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದ ನಮ್ಮ ಯಜಮಾನರು, ಮತ್ತು ಅತ್ತೆ. ಅತ್ತೆ ಹಳ್ಳಿಯ ಹೊಲ ಗದ್ದೆ ಬಿಟ್ಟು ಮಗನ ಜೊತೆ ಪಟ್ಟಣಕ್ಕೆ ಬಂದವರು. ಬಾಯಿ ಜೋರು, ಕೈ ದೊಡ್ಡದು. ಬಯ್ದ ಬಾಯಲ್ಲೇ ಊಟಕ್ಕೆ ಕರೆಯುತ್ತಿದ್ದರು.

ನರ್ಸಮ್ಮನಿಗೊಂದು ಹೆಸರಿತ್ತು. ಅದು ನಮಗೆಲ್ಲ ಗೊತ್ತೂ ಇತ್ತು. ಆದರೆ ಯಾರೂ ಅದನ್ನು ಹಿಡಿದು ಕರೆದದ್ದು ಕಾಣೆ. ನಂಜನಗೂಡಿನ ಕಡೆಯ ರೈತರ ಮನೆಯ ಹೆಣ್ಣು. ಆಡುವ ವಯಸ್ಸಿನಲ್ಲೇ ಮದುವೆಯಾಗಿ, ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡವರನ್ನು ಯಾರೋ ಪುಣ್ಯಾತ್ಮರು ಕೈಹಿಡಿದು ಮೈಸೂರಿಗೆ ಕರೆತಂದು ಹೆರಿಗೆ ಮಾಡಿಸುವ ವಿದ್ಯೆಗೆ ಸೇರಿಸಿದ್ದರು. ಬಿಳಿ ಸೀರೆ, ಕಪ್ಪು ಕೊಡೆ, ಗಂಡಸರಿಗಿರುವಂಥ ಅಗಲದ ಮಣಿಕಟ್ಟು. ಪೇಟೆಯ ಆಸ್ಪತ್ರೆಯಿಂದ ನಡೆದೇ ಬರುತ್ತಿದ್ದರು. ಬಂದವರು ಬೀಗ ತೆಗೆಯುತ್ತಿರಲಿಲ್ಲ. ಮನೆಯ ಮೆಟ್ಟಿಲ ಮೇಲೆ, ಚಪ್ಪಲಿಯನ್ನೂ ಕಳಚದೆ, ಹಾಗೇ ಕೂತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಬಾರದು ಎನ್ನುವುದು ವಠಾರದ ನಾಯಿಗೂ ಗೊತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಎದ್ದು, ಮುಖ ತೊಳೆದು, ಕುಂಡದ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು.

ಅದನ್ನು ನಾವು ದೊರೆಸಾನಿ ಗಿಡ ಎನ್ನುತ್ತಿದ್ದೆವು. ಜರಿಗಿಡ ಎನ್ನುವುದು ಪುಸ್ತಕದ ಮಾತು, ನಮಗೆ ಗೊತ್ತಿರಲಿಲ್ಲ. ನರ್ಸಮ್ಮನಿಗೆ ಕೆಲಸ ಕಲಿಸಿದ ಮೇಟ್ರನ್ ಒಬ್ಬ ಇಂಗ್ಲಿಷ್ ಹೆಂಗಸಂತೆ. ನಲವತ್ತೇಳರಲ್ಲಿ ಅವರ ದೇಶಕ್ಕೆ ಹಿಂತಿರುಗುವಾಗ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರಂತೆ, ಒಬ್ಬರಿಗೆ ಕುರ್ಚಿ, ಒಬ್ಬರಿಗೆ ಗಡಿಯಾರ. ನರ್ಸಮ್ಮನ ಪಾಲಿಗೆ ಬಂದದ್ದು ಈ ಗಿಡ. ಗಡಿಯಾರ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಅವರೇ ನಗುತ್ತಿದ್ದರು. ಆದರೆ ಕೊಪ್ಪಲಿನ ಕುಂಬಾರರ ಹತ್ತಿರ ಹೇಳಿ, ಅಗಲವಾದ ಬಾಯಿಯ, ಬುಡದಲ್ಲಿ ತೂತಿರುವ ಕುಂಡ ಮಾಡಿಸಿದ್ದರು. ಬಾವಿಯ ಹಿಂದಿನ ನೆರಳಲ್ಲಿ, ಬಿಸಿಲ ಕೋಲು ಬೀಳದ ಕಡೆ ಅದನ್ನಿಟ್ಟಿದ್ದರು.

ಅತ್ತೆಗೆ ಆ ಗಿಡ ಕಂಡರಾಗದು. ಹೂ ಬಿಡುವುದಿಲ್ಲ, ಕಾಯಿ ಬಿಡುವುದಿಲ್ಲ, ದೇವರ ತಲೆಗೂ ಇಲ್ಲ, ಸಾರಿಗೂ ಇಲ್ಲ, ಇಂಥದಕ್ಕೆ ಇಷ್ಟು ಉಪಚಾರವೇ ಎನ್ನುತ್ತಿದ್ದರು. ಒಂದು ಸಲ ಬಂಜೆ ಗಿಡ ಎಂದು ಬಾಯಿ ಜಾರಿಬಿಟ್ಟು, ತಿರುಗಿ ನನ್ನ ಮುಖ ನೋಡಿ, ರಾಗಿ ಬೀಸುವ ನೆಪದಲ್ಲಿ ಒಳಗೆ ಹೋದರು.

ನರ್ಸಮ್ಮ ಗಿಡಕ್ಕೆ ಕತ್ತರಿ ಹಾಕುವುದೆಂದರೆ ನಮಗೊಂದು ತಮಾಷೆ. ಮೊದಲು ಅಂಗಳದ ಒಲೆಯಲ್ಲಿ ನೀರು ಕಾಯಬೇಕು. ಆ ನೀರಿನಲ್ಲಿ ಕತ್ತರಿ ಕುದಿಯಬೇಕು. ಅದು ಆಸ್ಪತ್ರೆಯ ಕತ್ತರಿಯಲ್ಲ, ಮೊನೆ ಬಾಗಿದ ಹಳೆಯದೊಂದು. ಆದರೂ ಕುದಿಸದೆ ಅವರು ಯಾವ ಜೀವಕ್ಕೂ ಕಬ್ಬಿಣ ತಾಗಿಸುತ್ತಿರಲಿಲ್ಲ. ನರ್ಸಮ್ಮನ ಮನೆಯ ಮುಂದೆ ಕತ್ತರಿ ಕುದಿಯುವುದನ್ನು ಕಂಡರೆ ಹಾದುಹೋಗುವವರು ಏನು ತಿಳಿದುಕೊಳ್ಳಬೇಕು? ಕೊನೇ ಮನೆಯ ಕುಂಬಾರರ ಹೆಂಗಸು ಬಿಂದಿಗೆ ಕೆಳಗಿಟ್ಟು ಓಡಿಬರುತ್ತಿದ್ದಳು.

"ಯಾರ ಮನೇಲಿ ಎರ್ಗೆ ನರ್ಸಮ್ಮ?"

"ಯಾರ್ದೂ ಇಲ್ಲ ಕಣವ್ವ. ಗಿಡಕ್ಕೆ ಕ್ಷೌರ."

ಇದು ಪ್ರತಿ ಸಲವೂ ನಡೆಯುತ್ತಿತ್ತು. ಪ್ರತಿ ಸಲವೂ ಯಾರೋ ಒಬ್ಬರು ಕೇಳುತ್ತಿದ್ದರು. ಕೊನೆಕೊನೆಗೆ ಗೊತ್ತಿದ್ದೂ ಕೇಳುತ್ತಿದ್ದರು.

ಕತ್ತರಿಸುವುದನ್ನು ನಾನು ಹತ್ತಿರ ಕೂತು ನೋಡುತ್ತಿದ್ದೆ. ಗರಿಯನ್ನು ನಡುವೆ ಕತ್ತರಿಸಬಾರದು, ಅರ್ಧ ಕಳೆದುಕೊಂಡದ್ದು ಮತ್ತೆ ಬೆಳೆಯುವುದಿಲ್ಲ. ಹಳದಿಯಾದದ್ದನ್ನು ಬೆರಳಿನಲ್ಲಿ ಬುಡದ ತನಕ ಹಿಂಬಾಲಿಸಿಕೊಂಡು ಹೋಗಿ, ಮಣ್ಣಿನ ಹತ್ತಿರ, ಒಂದೇ ಏಟಿಗೆ ಕತ್ತರಿಸಬೇಕು. ಒಳಗಿನ ಸುರುಳಿಗೆ ಮೊನೆ ತಾಗಬಾರದು. ಗರಿಯ ಹಿಂದೆ ಸಾಲಾಗಿ ಕಂದು ಚುಕ್ಕೆ ಕಂಡರೆ ಹುಳ ಎಂದು ಗಾಬರಿಯಾಗಬಾರದು, ಅದು ಅದರ ಬೀಜ. ಇದನ್ನೆಲ್ಲ ಅವರು ನನಗೆ ಪಾಠದ ಹಾಗೆ ಹೇಳಿದ್ದಲ್ಲ. ಗೊಣಗಿಕೊಂಡು ಮಾಡುತ್ತಿದ್ದರು, ನನ್ನ ಕಿವಿಗೆ ಬೀಳುತ್ತಿತ್ತು. ಆ ಕೆಲಸ ಮುಗಿಯುವ ಹೊತ್ತಿಗೆ ಅವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಆಸ್ಪತ್ರೆಯಲ್ಲಿ ಅವತ್ತು ಏನಾಯಿತೆಂದು ಅವರು ಎಂದೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಗಿಡದ ಮುಂದೆ ಎಷ್ಟು ಹೊತ್ತು ಕೂತರು ಎನ್ನುವುದರ ಮೇಲೆ ನಾವೇ ಅಂದಾಜು ಮಾಡಿಕೊಳ್ಳುತ್ತಿದ್ದೆವು.

ನನ್ನ ವಿಷಯಕ್ಕೆ ಬರುತ್ತೇನೆ. ಮದುವೆಯಾದ ಮೊದಲನೇ ವರ್ಷವೇ ಒಂದು ಬಸಿರು ನಿಂತು, ಇಳಿದುಹೋಯಿತು. ಅದು ಇನ್ನೂ ಆರಂಭ, ಹೊರಗಿನವರಿಗೆ ಗೊತ್ತಾಗುವ ಮೊದಲೇ. ಅತ್ತೆ ಗ್ರಹಣದ ಮೇಲೆ ತಪ್ಪು ಹೊರಿಸಿದರು. ಎರಡನೆಯದು ಐದು ತಿಂಗಳು ನಡೆದು ಹೋಯಿತು. ಅದರ ಹಿಂದಿನ ದಿನ ನರ್ಸಮ್ಮ ಗಿಡಕ್ಕೆ ಕತ್ತರಿ ಹಾಕಿದ್ದರು. ಅತ್ತೆ ಅದನ್ನು ಅವರ ಎದುರು ಆಡಲಿಲ್ಲ, ನನ್ನ ಎದುರೂ ಆಡಲಿಲ್ಲ. ಮಗನ ಹತ್ತಿರ ಹೇಳುತ್ತಿದ್ದದ್ದು ಗೋಡೆಯಾಚೆ ಮಲಗಿದ್ದ ನನಗೆ ಕೇಳಿಸಿತು. ಬಸುರಿ ಇರುವ ಸೂರಿನ ಕೆಳಗೆ ಹಸಿರು ಕಡಿಯಬಾರದು, ಅಷ್ಟೂ ತಿಳಿಯದೆ ಇದ್ದುಬಿಟ್ಟೆವಲ್ಲ ಎಂದು ಅವರು ತಮ್ಮನ್ನೇ ಬಯ್ದುಕೊಳ್ಳುತ್ತಿದ್ದರು.

ಮೂರನೆಯದು ನಿಂತಿದೆ ಎಂದು ಗೊತ್ತಾದದ್ದು ಸಂಕ್ರಾಂತಿಯ ಹೊತ್ತಿಗೆ. ಅತ್ತೆ ಈ ಸಲ ಯಾವ ತೂತನ್ನೂ ಬಿಡುವವರಲ್ಲ. ಮಗನಿಗೆ ಕ್ಷೌರ ಬಂದ್. ಗರ್ಭಿಣಿಯ ಗಂಡ ಗಡ್ಡ ಬಿಡುವುದು ನಮ್ಮವರಲ್ಲಿ ಇದ್ದದ್ದೇ, ಆದರೆ ಕೊನೆಯ ತಿಂಗಳುಗಳಲ್ಲಿ ಬಿಡುವುದನ್ನು ಇವರು ಮೊದಲಿನಿಂದಲೇ ಬಿಡಬೇಕಾಯಿತು. ಅಚ್ಚುಕೂಟದಲ್ಲಿ ಇವರನ್ನು ಸ್ವಾಮಿಗಳೇ ಎಂದು ಕರೆಯತೊಡಗಿದರು. ಮನೆಯಲ್ಲಿ ಇಡೀ ಕುಂಬಳಕಾಯಿ ಒಡೆಯುವಂತಿಲ್ಲ, ವಠಾರದ ನುಗ್ಗೆಯ ಒಂದು ಕೊಂಬೆ ಮುರಿಯುವಂತಿಲ್ಲ. ಹೆಂಗಸರೆಲ್ಲ ಒಪ್ಪಿದರು. ಉಳಿದದ್ದು ಎದುರು ಮನೆ.

ಅತ್ತೆ ಒಂದು ಸಂಜೆ ತಟ್ಟೆಯಲ್ಲಿ ಎಳ್ಳು ಬೆಲ್ಲ ಇಟ್ಟುಕೊಂಡು ಆ ಮೆಟ್ಟಿಲ ಹತ್ತಿರ ಹೋದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ನಾಚಿಕೆಯಿಂದ ನನಗೆ ಒಳಗೆ ಹೋಗಿಬಿಡಬೇಕೆನ್ನಿಸಿತು. ಆಸ್ಪತ್ರೆಯಲ್ಲಿ ದಿನವೂ ಹೆರಿಗೆ ಮಾಡಿಸುವವರಿಗೆ ಹೋಗಿ, ನಿಮ್ಮ ಗಿಡದಿಂದ ನಮ್ಮ ಮಗು ಹೋಯಿತು ಎಂದು ಹೇಳುವುದು ಹೇಗೆ? ಅತ್ತೆ ಅದನ್ನು ಹೇಳಲಿಲ್ಲ. ಒಂದೇ ಸೂರು, ಒಂದೇ ಅಂಗಳ, ಮಗು ಕೈಗೆ ಬರುವ ತನಕ ಗಿಡಕ್ಕೆ ಕಬ್ಬಿಣ ತಾಗಿಸಬೇಡಿ ಎಂದು ಕೇಳಿಕೊಂಡರು. ಜೋರು ಬಾಯಿಯ ಅತ್ತೆ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನರ್ಸಮ್ಮ ನಗುತ್ತಾರೆಂದುಕೊಂಡೆ. ನಗಲಿಲ್ಲ. ಎಳ್ಳು ಬೆಲ್ಲ ತೆಗೆದುಕೊಂಡು, "ಮುಟ್ಟಕ್ಕಿಲ್ಲ ಬುಡಿ ಅಕ್ಕಾ" ಎಂದರು. ಅಷ್ಟೇ.

ಗಿಡಕ್ಕೆ ಅದು ಅರ್ಥವಾಗಬೇಕಲ್ಲ. ಶಿವರಾತ್ರಿಯ ಹೊತ್ತಿಗೆ ಹೊರಗಿನ ಗರಿಗಳು ಹಳದಿಯಾದವು. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಕಂದಾಗಿ ಜೋತುಬಿದ್ದು ಕುಂಡವನ್ನೇ ಮುಚ್ಚಿದವು. ಸುರುಳಿಗಳು ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಕಪ್ಪಾಗುತ್ತಿದ್ದವು. ಕಾಂಡಗಳ ಮೇಲೆ ಬಿಳಿಯ ಹಿಟ್ಟಿನಂಥದ್ದೇನೋ ಅಂಟಿತು. ನನಗೆ ಹೆಚ್ಚು ಓಡಾಡುವಂತಿರಲಿಲ್ಲ. ಬಾಗಿಲ ಹತ್ತಿರ ಚಾಪೆ ಹಾಸಿ ನನ್ನನ್ನು ಮಲಗಿಸುತ್ತಿದ್ದರು. ಮಲಗಿದಲ್ಲಿಂದ ನೇರ ಕಾಣುತ್ತಿದ್ದದ್ದು ಬಾವಿ, ಬಾವಿಯ ಹಿಂದೆ ಆ ಕುಂಡ. ದಿನವೂ ನೋಡುತ್ತಿದ್ದೆ. ನನ್ನ ಹೊಟ್ಟೆ ದೊಡ್ಡದಾದಷ್ಟೂ ಅದು ಹಾಳಾಗುತ್ತಿತ್ತು.

ನರ್ಸಮ್ಮ ಬರುತ್ತಿದ್ದರು. ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎದ್ದು ಮುಖ ತೊಳೆದು ಬಂದು, ಮತ್ತೆ ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೈಗಳಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಳ್ಳುವರು, ಸೆರಗಿನ ಅಂಚು ಹಿಂಡುವರು. ಗಿಡದ ಕಡೆ ಹೋಗಿ ಬುಡಕ್ಕೆ ನೀರು ಹಾಕಿ, ತಾವಾಗಿ ಉದುರಿದ್ದನ್ನು ಹೆಕ್ಕಿಕೊಂಡು ಬಂದುಬಿಡುವರು. ಆ ಬೇಸಿಗೆಯಲ್ಲಿ ಅವರಿಗೆ ವಯಸ್ಸಾಯಿತು. ನನ್ನ ಕಣ್ಣೆದುರಿಗೇ ಆಯಿತು.

ಒಂದು ಮಧ್ಯಾಹ್ನ ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದಾಗ ನಾನೇ ನರ್ಸಮ್ಮನನ್ನು ಕರೆದೆ. ಅತ್ತೆಗೆ ಗೊತ್ತಾಗುವುದು ಬೇಡ, ಸತ್ತ ಗರಿಗಳನ್ನಾದರೂ ತೆಗೆದುಬಿಡಿ, ನನಗೆ ಇಂಥದರಲ್ಲಿ ನಂಬಿಕೆಯಿಲ್ಲ ಎಂದೆ. ನಂಬಿಕೆ ಇತ್ತೋ ಇಲ್ಲವೋ, ಈಗಲೂ ಹೇಳಲಾರೆ. ಆ ಗಿಡವನ್ನು ನೋಡಿ ನೋಡಿ ನನಗೆ ಸಾಕಾಗಿತ್ತು, ಅಷ್ಟು ನಿಜ. ನರ್ಸಮ್ಮ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತರು. ಊದಿಕೊಂಡಿದ್ದ ನನ್ನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನಿಮ್ಮತ್ತೆ ನನ್ನ ಬಯ್ದ್ರೆ ತಡ್ಕತೀನಿ ಕಣವ್ವ. ಅದು ದೊಡ್ಡದಲ್ಲ. ನಾಳೀಕೆ ಏನಾರಾ ಎಚ್ಚುಕಮ್ಮಿ ಆದ್ರೆ, ಕತ್ತರ್ಸು ಅಂದೋಳು ನಾನೇ ಅಂತ ನೀನು ಬದುಕಿರೋಗಂಟ ಕೊರಗ್ತೀಯ. ಅಂಥೋರ್ನ ನಾನು ನೋಡಿವ್ನಿ. ಗಿಡ ಓದ್ರೆ ಓಗ್ಲಿ ಬುಡು."

ನಾನು ಅತ್ತುಬಿಟ್ಟೆ. ಅವರು ಪಾದ ಒತ್ತುತ್ತಲೇ ಇದ್ದರು.

ಎಂಟನೇ ತಿಂಗಳಿನಲ್ಲಿ, ಒಂದು ದಿನ ಬೆಳಗಿನಿಂದ ಹೊಟ್ಟೆಯೊಳಗೆ ಅಲುಗಾಟ ಇರಲಿಲ್ಲ. ನಿದ್ದೆ ಮಾಡುತ್ತಿರಬಹುದು ಎಂದರು ಅತ್ತೆ. ಸಂಜೆ ನರ್ಸಮ್ಮ ಬಂದವರು ವಿಷಯ ತಿಳಿದು, ಮೆಟ್ಟಿಲ ಮೇಲೆ ಕೂರದೆ ನೇರ ನಮ್ಮ ಮನೆಗೆ ಬಂದರು. ಅವರ ಹತ್ತಿರ ತುತ್ತೂರಿಯ ಹಾಗೆ ಒಂದು ಮರದ ಕೊಳವೆಯಿತ್ತು, ಮಗುವಿನ ಎದೆಬಡಿತ ಕೇಳುವುದಕ್ಕೆ. ಹೊಟ್ಟೆಯ ಮೇಲೆ ಅದನ್ನಿಟ್ಟು ಕಿವಿ ಕೊಟ್ಟರು. ಆಮೇಲೆ ಜಾಗ ಬದಲಾಯಿಸಿದರು. ಆಮೇಲೆ ಇನ್ನೊಂದು ಕಿವಿ ಕೊಟ್ಟರು. ಹೊರಗೆ ಯಾರೋ ರಾಟೆಯಲ್ಲಿ ನೀರು ಸೇದುತ್ತಿದ್ದರು. ಅದನ್ನು ನಿಲ್ಲಿಸಲು ಹೇಳಿ ಮತ್ತೆ ಕೇಳಿದರು… ಆ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡುತ್ತಿದ್ದೆ. ಅದರಲ್ಲಿ ಗಾಬರಿ ಕಾಣಲಿಲ್ಲ. ಮೆಟ್ಟಿಲ ಮೇಲೆ ಕೂತಾಗ ಹೇಗಿರುತ್ತಿತ್ತೋ ಹಾಗೇ ಆಯಿತು. ನನಗೆ ಅಷ್ಟು ಸಾಕಾಯಿತು.

ಜಟಕಾ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮಾರನೆಯ ದಿನ ಗಂಡು ಮಗು ಹುಟ್ಟಿತು. ಹುಟ್ಟಿತು ಎನ್ನಬೇಕೋ ಏನೋ. ಕೊರಳಿಗೆ ಬಳ್ಳಿ ಬಿಗಿದಿತ್ತು, ನೋವು ಬರುವ ಮೊದಲೇ ಹೋಗಿಬಿಟ್ಟಿತ್ತು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಹಾಗೆಂದು ಎಲ್ಲರೂ ಹೇಳಿದರು. ನರ್ಸಮ್ಮ ಹೇಳಲಿಲ್ಲ. ಅವರು ಮಗುವನ್ನು ಒರೆಸಿ, ಬದುಕಿರುವ ಮಗುವಿಗೆ ಸುತ್ತುವ ಹಾಗೆ ಬಿಳಿ ಬಟ್ಟೆಯಲ್ಲಿ ಸುತ್ತಿ, ನನ್ನ ತೋಳಿಗೆ ಕೊಟ್ಟರು. ಬೇಡ, ತೋರಿಸಬೇಡಿ ಎಂದು ಅತ್ತೆ ಅಡ್ಡ ಬಂದರು. ನೋಡಲಿ ಬಿಡಿ ಎಂದರು ನರ್ಸಮ್ಮ. ನೋಡಿದೆ. ಕೈಗಳು ಮುಷ್ಟಿ ಹಿಡಿದಿದ್ದವು. ಅವತ್ತು ಅವರು ಹಟ ಹಿಡಿದು ತೋರಿಸದೆ ಹೋಗಿದ್ದರೆ ಇಷ್ಟು ವರ್ಷ ನಾನು ಯಾವ ಮುಖ ನೆನೆಸಿಕೊಳ್ಳಬೇಕಾಗಿತ್ತು…

ಮನೆಗೆ ಬಂದೆ. ಎದೆಯಲ್ಲಿ ಹಾಲು ಕಟ್ಟಿತು. ಮಗು ಇಲ್ಲವೆಂದು ಅದಕ್ಕೆ ತಿಳಿದಿರಲಿಲ್ಲ. ಹಾಲು ಇಂಗಲೆಂದು ಅತ್ತೆ ದಿನವೂ ಮಲ್ಲಿಗೆ ಹೂವಿನ ದಂಡೆ ತಂದು ಎದೆಗೆ ಕಟ್ಟುತ್ತಿದ್ದರು. ಮಲ್ಲಿಗೆಯ ಪರಿಮಳಕ್ಕೆ ಜನ ಏನೇನೋ ನೆನೆಸಿಕೊಳ್ಳುತ್ತಾರೆ. ನನಗೆ ನೆನಪಾಗುವುದು ಅದು.

ಒಂದು ಬೆಳಿಗ್ಗೆ ಅತ್ತೆ ಬಾವಿಗೆ ಹೋದವರು ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು ಗಿಡದ ಹತ್ತಿರ ನಿಂತರು. ಎದುರಿನ ಮೆಟ್ಟಿಲ ಮೇಲೆ ನರ್ಸಮ್ಮ ರಾತ್ರಿಯ ಪಾಳಿ ಮುಗಿಸಿ ಬಂದು ಕೂತಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ. ಅತ್ತೆ ಕುಂಡದ ಮುಂದೆ ಕೂತು ಒಣಗಿದ ಗರಿಗಳನ್ನು ಒಂದೊಂದಾಗಿ ಎತ್ತಿ ಬುಡ ನೋಡತೊಡಗಿದರು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ತಕ್ಷಣ ತಿಳಿಯಿತು. ಕತ್ತರಿ ಬಿದ್ದ ಗುರುತು. ಒಂದು ಕಾಂಡ, ಎಲ್ಲಾದರೂ ಒಂದು ಕಾಂಡ, ನೇರವಾಗಿ ಕತ್ತರಿಸಿದ್ದು ಸಿಕ್ಕರೆ ಸಾಕಿತ್ತು. ಹೊಸದಾಗಿ ಕತ್ತರಿಸಿದ ಕಡೆ ಹಸಿರಾಗಿರುತ್ತದೆ, ಅದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ನನಗೆ ಮೈ ಉರಿದುಹೋಯಿತು. ಎದ್ದು ಹೋಗಿ ಅತ್ತೆಯ ಕೈ ಹಿಡಿದು ಎಳೆಯಬೇಕೆನ್ನಿಸಿತು. ಏಳುವ ಶಕ್ತಿ ಇರಲಿಲ್ಲ.

ನರ್ಸಮ್ಮ ನೋಡುತ್ತಿದ್ದರು. ಅವರಿಗೂ ಗೊತ್ತಾಗಿತ್ತು. ಎದ್ದು ಒಳಗೆ ಹೋಗಲಿಲ್ಲ. ಅತ್ತೆಗೆ ಬೇಕಾದಷ್ಟು ಹೊತ್ತು ಕೊಟ್ಟು ಕೂತಿದ್ದರು.

ಅತ್ತೆ ಸುತ್ತಲೂ ನೋಡಿದರು. ಕುಂಡ ತಿರುಗಿಸಿ ಆ ಕಡೆಯೂ ನೋಡಿದರು. ಒಂದು ಗರಿಗೂ ಕತ್ತರಿ ಬಿದ್ದಿರಲಿಲ್ಲ. ಎಲ್ಲವೂ ಬುಡಕ್ಕೆ ಅಂಟಿಕೊಂಡೇ ಒಣಗಿದ್ದವು, ಒಳಗಿನ ಸುರುಳಿಗಳು ಕರಿಕಲಾಗಿದ್ದವು. ಅತ್ತೆ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ತಪ್ಪು ಹೊರಿಸಲು ಯಾರೂ ಸಿಗದೆ ಕೂತ ಹೆಂಗಸಿನ ಮುಖವನ್ನು ನಾನು ಅವತ್ತು ನೋಡಿದೆ. ಸಿಟ್ಟೆಲ್ಲ ಇಳಿದುಹೋಯಿತು. ಆ ಮಗು ಅವರದ್ದೂ ಆಗಿತ್ತಲ್ಲ.

ತುಂಬ ಹೊತ್ತಾದ ಮೇಲೆ ಅತ್ತೆ ಎದ್ದು ನರ್ಸಮ್ಮನ ಮನೆಯೊಳಗೆ ಹೋದರು, ಕೇಳದೆಯೇ. ಹೊರಗೆ ಬಂದಾಗ ಕೈಯಲ್ಲಿ ಮೊನೆ ಬಾಗಿದ ಕತ್ತರಿಯಿತ್ತು. ಅಂಗಳದ ಒಲೆಗೆ ಸೌದೆ ಇಟ್ಟು ಊದಿದರು. ನಮ್ಮ ಮನೆಯ ಪಾತ್ರೆಯಲ್ಲೇ ನೀರಿಟ್ಟು, ಅದರಲ್ಲಿ ಕತ್ತರಿ ಹಾಕಿದರು. ಕೊನೇ ಮನೆಯ ಕುಂಬಾರರ ಹೆಂಗಸು ಬಿಂದಿಗೆ ಹಿಡಿದು ಬಂದವಳು ನೋಡಿ ನಿಂತಳು. ಅವತ್ತು ಅವಳು ಏನೂ ಕೇಳಲಿಲ್ಲ. ಆ ವಾಸನೆ ನಾನು ಮಲಗಿದ್ದಲ್ಲಿಗೆ ಬಂತು, ಮಲ್ಲಿಗೆಯ ಜೊತೆ ಬೆರೆತು.

ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ತಂದು ನರ್ಸಮ್ಮನ ಕೈಗೆ ಕೊಟ್ಟರು.

"ಕತ್ತರ್ಸಿಬುಡಿ ನರ್ಸಮ್ಮ. ಗಿಡನಾರ ಉಳೀಲಿ."

ನರ್ಸಮ್ಮ ಕುಂಡದ ಮುಂದೆ ಕೂತರು. ಆರಿಸಿ ಕತ್ತರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಒಂದು ಕಡೆಯಿಂದ ಶುರುಮಾಡಿ ಎಲ್ಲ ಗರಿಗಳನ್ನೂ ಮಣ್ಣಿನ ಮಟ್ಟಕ್ಕೆ ಕತ್ತರಿಸುತ್ತ ಹೋದರು. ಕತ್ತರಿಸಿದ್ದನ್ನು ಅತ್ತೆ ತೆಗೆದುಕೊಂಡು ಪಕ್ಕಕ್ಕೆ ಪೇರಿಸುತ್ತಿದ್ದರು. ನಡುವೆ ಒಂದು ಸಲ ನರ್ಸಮ್ಮನ ಕೈ ನಿಂತಿತು. ಕತ್ತರಿ ಹಿಡಿದ ಕೈಯ ಹಿಂಭಾಗದಿಂದ ಕಣ್ಣೊರೆಸಿಕೊಂಡರು. "ಕೈ ಸೋತೋಯ್ತು ಅಕ್ಕಾ" ಎಂದರು. ಅವರು ಅತ್ತದ್ದನ್ನು ವಠಾರ ಕಂಡದ್ದು ಅದೊಂದೇ ಸಲ. ಅತ್ತೆ ಅವರ ಕೈಯಿಂದ ಕತ್ತರಿ ತೆಗೆದುಕೊಂಡು, ಉಳಿದದ್ದನ್ನು ತಾವೇ, ಹೇಗೆ ಬರುತ್ತದೋ ಹಾಗೆ, ಕತ್ತರಿಸಿ ಮುಗಿಸಿದರು.

ಮಳೆ ಹಿಡಿದ ಮೇಲೆ ಬೋಳು ಮಣ್ಣಿನಲ್ಲಿ ಒಂದು ಸುರುಳಿ ಎದ್ದಿತು. ಮೊದಲು ನೋಡಿದವರು ಅತ್ತೆಯೇ. ಬಂಜೆ ಗಿಡ ಎಂದ ಬಾಯಲ್ಲಿ ಇಡೀ ವಠಾರವನ್ನು ಕೂಗಿ ಕರೆದರು. ನನ್ನನ್ನೂ ಎಬ್ಬಿಸಿಕೊಂಡು ಹೋದರು. ನಾನು ನೋಡಿ ಸಂತೋಷಪಟ್ಟೆ ಎಂದರೆ ಸುಳ್ಳಾಗುತ್ತದೆ. ಗಿಡಕ್ಕೆ ಇಷ್ಟು ಸುಲಭವೇ ಎನ್ನಿಸಿತು. ಆದರೆ ಹೋಗಿ ನೋಡಿದೆ. ಮಾರನೆಯ ದಿನವೂ ನೋಡಿದೆ.

ಆ ವರ್ಷದ ದಸರೆ ಮುಗಿಯುವುದರೊಳಗೆ ನರ್ಸಮ್ಮನಿಗೆ ಯಾವುದೋ ತಾಲ್ಲೂಕಿನ ಆಸ್ಪತ್ರೆಗೆ ವರ್ಗವಾಯಿತು. ಹೊರಡುವ ದಿನ ಗಿಡವನ್ನು ಬೇರು ಸಮೇತ ಎರಡು ಪಾಲು ಮಾಡಿ, ಒಂದು ಪಾಲನ್ನು ಹೊಸ ಕುಂಡದಲ್ಲಿ ನೆಟ್ಟು ನಮ್ಮ ಬಾಗಿಲಲ್ಲಿಟ್ಟರು. ಕುಂಡವನ್ನು ಕುಂಬಾರರ ಮನೆಯಿಂದ ಆರಿಸಿ ತಂದವರು ಅತ್ತೆ. ಇನ್ನೊಂದು ಪಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಪ್ಪು ಕೊಡೆಯನ್ನು ಅದರ ಮೇಲೆ ಹಿಡಿದುಕೊಂಡು, ನರ್ಸಮ್ಮ ಜಟಕಾದಲ್ಲಿ ಹೋದರು. ಆಷಾಢ ಶುಕ್ರವಾರಕ್ಕೆ ಬೆಟ್ಟಕ್ಕೆ ಬರುತ್ತೇನೆ, ಆಗ ಬಂದು ನೋಡುತ್ತೇನೆ ಎಂದಿದ್ದರು. ಬರಲಿಲ್ಲ. ನಮ್ಮ ಯಜಮಾನರು ಒಂದು ಸಲ ಆ ಕಡೆ ಹೋದಾಗ ವಿಚಾರಿಸಿದರು. ಅಲ್ಲಿಂದಲೂ ವರ್ಗವಾಗಿ ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದರಂತೆ. ಅಂಥವರು ಎಲ್ಲಿ ಕಣ್ಣು ಮುಚ್ಚಿದರು, ಕೊನೆಯಲ್ಲಿ ಅವರ ಕೈ ಯಾರು ಹಿಡಿದಿದ್ದರು, ಯಾರನ್ನು ಕೇಳುವುದು…

ಮಗಳು ಹುಟ್ಟಿದ್ದು ಆಮೇಲೆ, ಮೂರು ನಾಲ್ಕು ವರ್ಷ ಕಳೆದ ಮೇಲೆ. ಆಗ ಅತ್ತೆ ಯಾವುದನ್ನೂ ಬಂದ್ ಮಾಡಲಿಲ್ಲ. ನಮ್ಮ ಯಜಮಾನರು ವಾರವಾರ ಕ್ಷೌರ ಮಾಡಿಸಿಕೊಂಡರು. ಗಿಡದ ಗರಿ ಹಳದಿಯಾದರೆ ಅತ್ತೆಯೇ ಕತ್ತರಿಸುತ್ತಿದ್ದರು. ಕತ್ತರಿಸುವ ಮೊದಲು ನೀರು ಕಾಯಿಸಿ ಕತ್ತರಿ ಕುದಿಸುತ್ತಿದ್ದರು. ಏಕೆ ಕುದಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಅದು ಆ ಗಿಡದ ಮಡಿ ಎಂದುಕೊಂಡಿದ್ದರು. ಅಂಗಳದಲ್ಲಿ ಹಾದುಹೋಗುವವರು ಯಾರ ಮನೆಯಲ್ಲಿ ಹೆರಿಗೆ ಎಂದು ಕೇಳುತ್ತಿದ್ದರು. ಗಿಡಕ್ಕೆ ಕ್ಷೌರ ಎಂದು ಅತ್ತೆ, ನರ್ಸಮ್ಮನ ದನಿಯಲ್ಲೇ, ಹೇಳುತ್ತಿದ್ದರು. ಅತ್ತೆ ಹೋದ ಮೇಲೆ ನಾನು ಆ ಗಿಡವನ್ನು ನೋಡಿಕೊಂಡೆ, ಕುವೆಂಪುನಗರದಲ್ಲಿ ಮನೆ ಕಟ್ಟಿಕೊಂಡು ಬರುವ ತನಕ. ಹೊಸ ಮನೆಗೆ ಆಗ ಒಂದು ಮರದ ನೆರಳೂ ಇರಲಿಲ್ಲ. ಒಂದು ಬೇಸಿಗೆಗೆ ಸುಟ್ಟುಹೋಯಿತು.

ಇವತ್ತು ಕತ್ತರಿ ಕುದಿದ ಮೇಲೆ ನೀರು ಬಸಿದು, ಆರಿ ತಣ್ಣಗಾಗಲು ಬಿಟ್ಟು, ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಕೂತೆ. ಮೊಣಕಾಲು ಮಡಿಸಲಾಗುವುದಿಲ್ಲ. ಕಂದಾದ ಗರಿಯನ್ನು ಬೆರಳಿನಲ್ಲಿ ಬುಡದ ತನಕ ಹಿಂಬಾಲಿಸಿ, ಸುರುಳಿಗೆ ತಾಗದಂತೆ ಕತ್ತರಿಸಿದೆ. ಅಷ್ಟು ಸಣ್ಣ ಕುಂಡಕ್ಕೆ ಅರ್ಧ ಬೆಳಗು ಹಿಡಿಯಿತು. ನಡುವೆ ಕೈ ಸೋತು ಸುಮ್ಮನೆ ಕೂತೆ. ಮೇಲಿನ ಬಾಡಿಗೆಯವರ ಬಾಗಿಲು ತೆರೆಯಿತು, ಮುಚ್ಚಿತು. ಕೆಳಗೆ ಯಾರೋ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು. ಕುದ್ದ ಕಬ್ಬಿಣದ ವಾಸನೆ ಬಾಗಿಲು ದಾಟಿ ಮೆಟ್ಟಿಲಿಳಿದು ಬೀದಿಯ ತನಕ ಹೋಗಿರಬೇಕು. ಯಾರ ಮನೆಯಲ್ಲಿ ಹೆರಿಗೆ ಎಂದು ಕೇಳಿಕೊಂಡು ಯಾರೂ ಬರಲಿಲ್ಲ.